ಮಕ್ಕಳ ಕೈಗೆ ದೇಣಿಗೆ ಡಬ್ಬಿ ಯಾಕೆ?

ರೋಣ, ನರಗುಂದ, ಗಜೇಂದ್ರಗಡ. ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಈ ಮೂರು ಊರಿನ ಹೆಸರಿನಲ್ಲಿ ಬರುವ ಶಾಲಾ ಸುದ್ದಿಗಳನ್ನು ನಾನು ತಪ್ಪದೆ ಓದುತ್ತೇನೆ. ಸಂಶೋಧನೆಗಾಗಿ ಹಳೆಯ ಪತ್ರಿಕೆಗಳ ಕಟ್ಟು ಬಿಚ್ಚಿ ಕೂತು ಕೂತು, ಈಗ ಅಂದಂದಿನ ಪತ್ರಿಕೆಯನ್ನೂ ಅದೇ ಕಣ್ಣಿನಿಂದ ಓದುವ ಚಟ ಹತ್ತಿದೆ. ಪ್ರಾಥಮಿಕ ಶಾಲೆಯ ಮಕ್ಕಳ ಸುದ್ದಿಗಳು ಹೆಚ್ಚುಕಡಿಮೆ ಮೂರೇ ಬಗೆ. ಒಂದು, ಮಕ್ಕಳು ನೆರೆಗೋ ಬರಕ್ಕೋ ಸೈನಿಕರಿಗೋ ಹಣ ಕೂಡಿಸಿ ಕೊಟ್ಟದ್ದು. ಎರಡು, ಪ್ರತಿಭಾ ಕಾರಂಜಿಯಲ್ಲಿ ಚಿತ್ರಕ್ಕೋ ಅಭಿನಯ ಗೀತೆಗೋ ಬಹುಮಾನ ಬಂದದ್ದು. ಮೂರು, ಕ್ರೀಡಾಕೂಟದಲ್ಲಿ ಗೆದ್ದು ಮುಂದಿನ ಹಂತಕ್ಕೆ ಆಯ್ಕೆಯಾದದ್ದು. ಮೂರಕ್ಕೂ ಫೋಟೊ ಒಂದೇ ನಮೂನೆ. ಮುಂದೆ ಮಕ್ಕಳು ಕುಕ್ಕರಗಾಲಿನಲ್ಲಿ ಕೂತಿರುತ್ತಾರೆ, ಹಿಂದೆ ದೊಡ್ಡವರು ನಿಂತಿರುತ್ತಾರೆ. ಕೆಳಗಿನ ಸಾಲಿನಲ್ಲಿ ಹೆಸರಿರುವುದು ನಿಂತವರದ್ದು.

ಈ ಸುದ್ದಿಗಳ ವಾಕ್ಯರಚನೆಯನ್ನು ಒಮ್ಮೆ ಗಮನಿಸಿ. ಮಗು ಓಡುತ್ತದೆ, ‘ಶಾಲೆಗೆ ಕೀರ್ತಿ’ ಬರುತ್ತದೆ. ಮಗು ಬರೆಯುತ್ತದೆ, ‘ತಾಲ್ಲೂಕಿಗೆ ಹೆಮ್ಮೆ’ ಆಗುತ್ತದೆ. ಮಗು ಮನೆಮನೆ ತಿರುಗಿ ಹಣ ಕೂಡಿಸುತ್ತದೆ, ‘ಶಿಕ್ಷಕ ವೃಂದದಿಂದ ಹಸ್ತಾಂತರ’ ನಡೆಯುತ್ತದೆ. ಕ್ರಿಯಾಪದ ಮಗುವಿನದು, ಫಲ ಇನ್ನೊಬ್ಬರದು. ಇದು ಬರೀ ವರದಿಗಾರರ ಭಾಷೆಯ ರೂಢಿ ಎಂದು ಬಿಟ್ಟುಬಿಡಬಹುದಿತ್ತು. ಆದರೆ ಶಾಲೆಯೊಳಗೆ ನಡೆಯುವುದೂ ಇದೇ ವ್ಯಾಕರಣದಲ್ಲಿ. ದಾನ, ಕಲೆ, ಆಟ ಮೂರನ್ನೂ ನಾವು ದೊಡ್ಡವರು ಸಾಧನೆಯ ಲೆಕ್ಕಕ್ಕೆ ಹಚ್ಚಿದ್ದೇವೆ. ಲೆಕ್ಕ ಚೆಂದ ಕಾಣುವಷ್ಟು ಹೊತ್ತು, ನಾವು ಕೊಡಬೇಕಾದದ್ದನ್ನು ಕೊಟ್ಟಿಲ್ಲ ಎನ್ನುವುದು ಯಾರ ಕಣ್ಣಿಗೂ ಬೀಳುವುದಿಲ್ಲ. ನನ್ನ ತಕರಾರು ಇಷ್ಟೇ.

ಮೊದಲು ದಾನದ ಮಾತು. ಶಾಲೆಗೆ ದೇಣಿಗೆ ಡಬ್ಬಿ ಬಂದದ್ದು ಇಂದು ನಿನ್ನೆಯಲ್ಲ. ಡಿಸೆಂಬರ್ 7ರ ಸಶಸ್ತ್ರ ಪಡೆಗಳ ಧ್ವಜ ದಿನ 1949ರಿಂದ ನಡೆದು ಬಂದಿದೆ. ಶಿಕ್ಷಕರ ದಿನಾಚರಣೆಗೆ ಚೀಟಿ, ಕ್ಷಯರೋಗ ನಿವಾರಣೆಗೆ ಮುದ್ರೆಚೀಟಿ, ಸ್ಕೌಟಿನವರ ನಿಧಿ ಎಲ್ಲವೂ ನಮ್ಮ ಹಿಂದಿನವರ ಕಾಲದಿಂದ ಇವೆ. ಇವುಗಳ ಉದ್ದೇಶದ ಬಗ್ಗೆ ನನಗೆ ಜಗಳವಿಲ್ಲ. ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡವಳಿಗೆ ನೆರವು ಬೇಕು, ಕ್ಷಯರೋಗಿಗೆ ಔಷಧ ಬೇಕು. ಜಗಳ ಇರುವುದು ಆ ಹಣ ತರಗತಿಯ ಬಾಗಿಲು ದಾಟಿ ಬರುವ ರೀತಿಯ ಬಗ್ಗೆ. ಮೇಲಿನಿಂದ ಬಂದ ಚೀಟಿಯ ಕಟ್ಟನ್ನು ವಾಪಸ್ಸು ಕಳಿಸುವ ಧೈರ್ಯ ಯಾವ ಹೆಡ್ ಮಾಸ್ತರರಿಗೂ ಇರುವುದಿಲ್ಲ. ಅದು ತರಗತಿಗೆ ಹಂಚಿಕೆಯಾಗುತ್ತದೆ, ತರಗತಿಯಿಂದ ಮಗುವಿಗೆ, ಮಗುವಿನಿಂದ ಅವ್ವನ ಸೆರಗಿನ ಗಂಟಿಗೆ. ನಾನು ಓದಿದ ಒಂದು ಶಾಲೆಯಲ್ಲಿ ಯಾರು ಎಷ್ಟು ತಂದರು ಎನ್ನುವುದನ್ನು ಹಾಜರಿ ಕೂಗಿದ ಹಾಗೆ ಕೂಗುತ್ತಿದ್ದರು. ಹತ್ತು ರೂಪಾಯಿ ತಂದವನಿಗೆ ಚಪ್ಪಾಳೆ ಬೀಳುತ್ತಿತ್ತು. ತರದವರು ನಿಲ್ಲಬೇಕಿತ್ತು. ಆ ಹಣ ಸೈನಿಕರಿಗೆ ತಲುಪಿತೋ ಇಲ್ಲವೋ, ನಮ್ಮ ತರಗತಿಗೆ ಮಾತ್ರ ಒಂದು ಪಾಠ ತಲುಪಿತು: ಮನೆಯಲ್ಲಿ ದುಡ್ಡಿದ್ದವನು ಒಳ್ಳೆಯವನು.

‘ಮಕ್ಕಳಿಗೆ ಕರುಣೆ ಕಲಿಸಬೇಡವೇ?’ ಎಂದು ಕೇಳುವವರಿದ್ದಾರೆ. ಕಲಿಸಬೇಕು. ಆದರೆ ನಮ್ಮ ಸೀಮೆಯ ಮಕ್ಕಳು ಹಂಚಿ ತಿನ್ನುವುದನ್ನು ಶಾಲೆಯ ಡಬ್ಬಿಯಿಂದ ಕಲಿತವರಲ್ಲ. ಮಣ್ಣೆತ್ತಿನ ಅಮಾವಾಸ್ಯೆಯನ್ನು ನೆನಪಿಸಿಕೊಳ್ಳಿ. ಹೊಲದ ಕರಿಮಣ್ಣು ತಂದು ಮಕ್ಕಳು ಎತ್ತು ಮಾಡುತ್ತಾರೆ, ಜೋಳದ ಕಾಳನ್ನು ಕಣ್ಣಿಗೆ ಒತ್ತುತ್ತಾರೆ, ಕೋಡಿಗೆ ಬಣ್ಣ ಹಚ್ಚುತ್ತಾರೆ. ಪೂಜೆಯಾದ ಮೇಲೆ ಕಾಲು ಮುರಿದ ಒಂದು ಎತ್ತನ್ನು ಹಲಗೆಯ ಮೇಲಿಟ್ಟುಕೊಂಡು, ಕುಂಟೆತ್ತು ಬಂದಿದೆ ಎಂದು ಹಾಡುತ್ತ ಮನೆಮನೆಗೆ ಹೋಗುತ್ತಾರೆ. ಒಬ್ಬರು ಬೊಗಸೆ ಜೋಳ ಹಾಕುತ್ತಾರೆ, ಇನ್ನೊಬ್ಬರು ನಾಣ್ಯ ಹಾಕುತ್ತಾರೆ, ಮತ್ತೊಬ್ಬರು ‘ಮುಂದಿನ ಮನಿಗಿ ಹೋಗ್ರಿ’ ಎಂದು ಅಟ್ಟುತ್ತಾರೆ. ಕೂಡಿದ್ದನ್ನು ಮಾರಿ ತಿನಿಸು ತಂದು ಓಣಿಯ ಮಕ್ಕಳೆಲ್ಲ ಹಂಚಿಕೊಂಡು ತಿನ್ನುತ್ತಾರೆ.

ಇಲ್ಲಿ ಎಲ್ಲವೂ ಇದೆ. ಮಣ್ಣಿನ ಕಲೆ ಇದೆ, ಓಣಿ ತುಂಬ ಓಡಾಡುವ ಆಟ ಇದೆ, ಹಾಡು ಇದೆ, ಕೈಯೊಡ್ಡಿ ಕೇಳುವುದೂ ಇದೆ, ಕೊಡುವುದೂ ಇದೆ. ಕಾಲು ಮುರಿದ ಎತ್ತಿನ ಪರವಾಗಿ ಕೇಳುವುದಕ್ಕಿಂತ ದೊಡ್ಡ ಕರುಣೆಯ ಪಾಠವನ್ನು ಯಾವ ಇಲಾಖೆ ಬರೆದೀತು? ಹಾಗಿದ್ದೂ ಅದನ್ನು ಯಾರೂ ಭಿಕ್ಷೆ ಎನ್ನಲಿಲ್ಲ, ಸಾಧನೆ ಎಂದೂ ಅನ್ನಲಿಲ್ಲ. ಏಕೆಂದರೆ ಆ ಮಕ್ಕಳ ಮೇಲೆ ಗುರಿ ಇರಲಿಲ್ಲ, ರಸೀದಿ ಪುಸ್ತಕ ಇರಲಿಲ್ಲ, ಬೆನ್ನ ಹಿಂದೆ ಫೋಟೊಗೆ ನಿಂತ ದೊಡ್ಡವರು ಇರಲಿಲ್ಲ. ಕೂಡಿದ್ದು ಎಲ್ಲಿಗೆ ಹೋಯಿತು ಎನ್ನುವುದು ಗುಂಪಿನ ಅತಿ ಚಿಕ್ಕ ಮಗುವಿಗೂ ಗೊತ್ತಿತ್ತು, ತಿನಿಸು ಅದರ ಕೈಯಲ್ಲೇ ಇತ್ತಲ್ಲ.

ಇನ್ನು ಆಪತ್ತಿನ ಕಾಲದ ನಿಧಿ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿದಾಗ ನರಗುಂದ ತಾಲ್ಲೂಕಿನ ಕೊಣ್ಣೂರು, ಲಖಮಾಪುರ, ರೋಣ ತಾಲ್ಲೂಕಿನ ಹೊಳೆಆಲೂರು ಭಾಗದ ಹಳ್ಳಿಗಳು ನೀರು ಕಂಡವು. ನಾಡಿನ ಎಲ್ಲೆಡೆಯಿಂದ ರೊಟ್ಟಿ, ಬಟ್ಟೆ, ಚಾದರ, ನೋಟ್‌ಬುಕ್ಕು ಬಂದವು. ಶಾಲೆಗಳಿಂದಲೂ ಬಂದವು. ಅದನ್ನು ಕಳಿಸಿದವರ ಪ್ರೀತಿ ದೊಡ್ಡದು, ಅದನ್ನು ಅಲ್ಲಗಳೆಯುವವನು ಮನುಷ್ಯನಲ್ಲ. ಹಾಗೆಯೇ ಈ ತಾಲ್ಲೂಕುಗಳ ಮಕ್ಕಳಿಗೆ ಡಬ್ಬಿಯ ಎರಡೂ ಬದಿ ಗೊತ್ತು ಎನ್ನುವುದನ್ನು ಮರೆಯಬಾರದು. ಒಂದು ವರ್ಷ ಕೊಡುವ ಸಾಲಿನಲ್ಲಿ ನಿಂತವರು ಇನ್ನೊಂದು ವರ್ಷ ಇಸಿದುಕೊಳ್ಳುವ ಸಾಲಿನಲ್ಲಿ ನಿಲ್ಲುತ್ತಾರೆ. ಇಸಿದುಕೊಳ್ಳುವಾಗ ಕ್ಯಾಮೆರಾ ಎದುರಿಗಿದ್ದರೆ ಮಗು ಎಲ್ಲಿ ನೋಡಬೇಕು? ಬಿದ್ದ ಮನೆಯ ಮಗು ತನ್ನದೇ ವಯಸ್ಸಿನ ಇನ್ನೊಂದು ಮಗುವಿನಿಂದ ಬ್ಯಾಗು ಇಸಿದುಕೊಳ್ಳುವ ಚಿತ್ರ ಕೊಟ್ಟವರ ಊರಿನಲ್ಲಿ ಸಂಭ್ರಮವಾದೀತು. ಇಸಿದುಕೊಂಡವರ ಊರಿನಲ್ಲಿ ಅದು ವರ್ಷಗಟ್ಟಲೆ ಉಳಿಯುವ ಅಡ್ಡಹೆಸರಾಗುತ್ತದೆ.

ಅದಕ್ಕಿಂತ ಮುಖ್ಯವಾದ ಪ್ರಶ್ನೆ ಒಂದಿದೆ. ನೆರೆ ಪರಿಹಾರ ಯಾರ ಕೆಲಸ? ಶಾಲೆಯ ಹೆಂಚು ಹಾರಿದರೆ ಹೊಚ್ಚಿಸುವುದು ಯಾರ ಕೆಲಸ? ‘ಯಾರು ಕೊಡಬೇಕು, ಯಾಕೆ ಕೊಡಬೇಕು’ ಎಂದು ಈ ನೆಲ ಹಿಂದೆಯೂ ಕೇಳಿದೆ. ನೀರು ಸರಿಯಾಗಿ ಹರಿಯದ ಮಲಪ್ರಭೆ ಕಾಲುವೆಗೆ ಬೆಟರ್‌ಮೆಂಟ್ ಲೆವಿ ಯಾಕೆ ಕಟ್ಟಬೇಕು ಎಂದು ರೈತರು ಎದ್ದು ನಿಂತದ್ದು ನರಗುಂದ, ನವಲಗುಂದದಲ್ಲಿ. 1980ರ ಜುಲೈ 21ರಂದು ಗೋಲಿಬಾರ್ ನಡೆದು ರೈತರ ಜೀವ ಹೋಯಿತು. ಇಂದಿಗೂ ಆ ದಿನ ಹುತಾತ್ಮ ದಿನ. ಅದೇ ರೈತರ ಮೊಮ್ಮಕ್ಕಳು ಡಬ್ಬಿ ಹಿಡಿದು ಹೊರಟಾಗ ನಾವು ಆ ಪ್ರಶ್ನೆ ಕೇಳುವುದನ್ನೇ ಮರೆತಿದ್ದೇವೆ.

2022ರ ಅಕ್ಟೋಬರ್‌ನಲ್ಲಿ ಶಿಕ್ಷಣ ಇಲಾಖೆ ಒಂದು ಸುತ್ತೋಲೆ ಹೊರಡಿಸಿತು. ಸರ್ಕಾರಿ ಶಾಲೆಯ ಪೋಷಕರಿಂದ ಎಸ್‌ಡಿಎಂಸಿಗಳು ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಬಹುದು ಎಂದಿತ್ತು. ಸ್ವಯಂಪ್ರೇರಿತ ಎಂಬ ಮಾತೂ ಅದರಲ್ಲಿತ್ತು. ನಾಡಿನ ತುಂಬ ಬೈಗಳು ಬಿದ್ದು ಕೆಲವೇ ದಿನಗಳಲ್ಲಿ ಅದನ್ನು ಹಿಂದೆಗೆದುಕೊಂಡರು. ಒಳ್ಳೆಯದಾಯಿತು. ನನಗೆ ಅರ್ಥವಾಗದ್ದು ಇದು: ಪೋಷಕರಿಂದ ನೂರು ರೂಪಾಯಿ ಕೇಳಿದರೆ ಅನ್ಯಾಯ ಎಂದು ನಮಗೆ ತಕ್ಷಣ ಹೊಳೆಯುತ್ತದೆ. ಅದೇ ಹಣವನ್ನು ಮಗುವಿನ ಕೈಯಿಂದ ಕೇಳಿಸಿದರೆ ಅದು ‘ಚಿಣ್ಣರ ಔದಾರ್ಯ’ ಆಗುವುದು ಹೇಗೆ? ಸ್ಥಳೀಯ ಸಂಸ್ಥೆಗಳು ನಮ್ಮ ಆಸ್ತಿ ತೆರಿಗೆಯ ಮೇಲೆ ಶೇಕಡಾ 3ರಷ್ಟು ಭಿಕ್ಷುಕರ ಕರ ಹಾಕುತ್ತವೆ. ಬೀದಿಯಲ್ಲಿ ಯಾರೂ ಕೈಯೊಡ್ಡುವ ಸ್ಥಿತಿ ಬರಬಾರದು ಎನ್ನುವ 1975ರ ಕಾಯ್ದೆಗಾಗಿ ಇರುವ ಕರ ಅದು. ಅದನ್ನು ಕಟ್ಟಿದ ಮನೆಯ ಬಾಗಿಲಿಗೇ ಸಮವಸ್ತ್ರ ತೊಟ್ಟ ಮಗು ಡಬ್ಬಿ ಹಿಡಿದು ಬರುತ್ತದೆ. ಕಾನೂನಿನ ಪ್ರಕಾರ ಅದು ಭಿಕ್ಷೆಯಲ್ಲ, ಗೊತ್ತು. ಬಾಗಿಲು ಮುಚ್ಚಿಸಿಕೊಂಡ ಮಗುವಿಗೆ ಕಾಯ್ದೆಯ ವ್ಯಾಖ್ಯೆ ಗೊತ್ತಿರುವುದಿಲ್ಲ.

ಈಗ ಕಲೆಯ ಮಾತು. ಪ್ರತಿಭಾ ಕಾರಂಜಿ ಒಳ್ಳೆಯ ಉದ್ದೇಶದಿಂದ ಹುಟ್ಟಿದ ಕಾರ್ಯಕ್ರಮ. ಹಳ್ಳಿಯ ಮಗುವಿಗೂ ವೇದಿಕೆ ಸಿಗಬೇಕು ಎನ್ನುವುದನ್ನು ನಾನು ಒಪ್ಪುತ್ತೇನೆ. ಕಂಠಪಾಠ, ಅಭಿನಯ ಗೀತೆ, ಛದ್ಮವೇಷ, ಕಥೆ ಹೇಳುವುದು, ಚಿತ್ರ, ಮಣ್ಣಿನ ಮಾದರಿ ಹೀಗೆ ಪಟ್ಟಿ ಉದ್ದವಿದೆ. ಕ್ಲಸ್ಟರ್, ತಾಲ್ಲೂಕು, ಜಿಲ್ಲೆ, ರಾಜ್ಯ ಎಂದು ಮೆಟ್ಟಿಲುಗಳಿವೆ. ಆದರೆ ಈ ಮೆಟ್ಟಿಲಿನ ಸ್ವಭಾವವೇ ಪ್ರತಿ ಹಂತದಲ್ಲೂ ಬಹುಪಾಲು ಮಕ್ಕಳನ್ನು ಕೆಳಗೆ ಬಿಡುವುದು. ಸ್ಪರ್ಧೆ ಎಂದರೆ ಹಾಗೆಯೇ, ಅದರಲ್ಲಿ ತಪ್ಪಿಲ್ಲ. ತಪ್ಪಿರುವುದು ಸ್ಪರ್ಧೆಯ ಹೊರಗೆ ಬೇರೇನೂ ಇಲ್ಲದಿರುವುದರಲ್ಲಿ. ವರ್ಷವಿಡೀ ಬಣ್ಣ ಮುಟ್ಟದ ತರಗತಿ ಕಾರಂಜಿಗೆ ಹದಿನೈದು ದಿನ ಇರುವಾಗ ಒಂದು ಮಗುವನ್ನು ಆರಿಸುತ್ತದೆ, ಅದೇ ಚಿತ್ರವನ್ನು ಅದರಿಂದ ಹತ್ತು ಸಲ ಬರೆಸುತ್ತದೆ. ಎರಡು ಗುಡ್ಡ, ನಡುವೆ ಸೂರ್ಯ, ಒಂದು ಗುಡಿಸಲು, ತೆಂಗಿನ ಮರ. ತೆಂಗು ಕಾಣದ ಎರೆಹೊಲದ ಮಗು ತೆಂಗು ಬರೆಯುತ್ತದೆ. ಗಜೇಂದ್ರಗಡದ ಮಗುವಿನ ಕಣ್ಣೆದುರು ದಿನವೂ ಗುಡ್ಡದ ಮೇಲೆ ಗಾಳಿಯಂತ್ರದ ರೆಕ್ಕೆ ತಿರುಗುತ್ತಿರುತ್ತದೆ, ಪಕ್ಕದ ಮನೆಯಲ್ಲಿ ಮಗ್ಗದ ಸದ್ದು ಕೇಳುತ್ತಿರುತ್ತದೆ. ಅದು ಅದನ್ನು ಬರೆಯುವಂತಿಲ್ಲ, ಯಾಕೆಂದರೆ ಬಹುಮಾನದ ಚಿತ್ರ ಯಾವುದು ಎನ್ನುವುದು ಆಗಲೇ ತೀರ್ಮಾನವಾಗಿದೆ. ಆಷಾಢಕ್ಕೆ ಮುಂಚೆ ಊರಿನ ಎಲ್ಲ ಮಕ್ಕಳೂ ಎತ್ತು ಮಾಡಿದ ಅದೇ ಕರಿಮಣ್ಣು ಶಾಲೆಯ ಒಳಗೆ ಬಂದ ಕೂಡಲೇ ಒಬ್ಬನ ಪ್ರತಿಭೆಯಾಗಿ, ಉಳಿದವರು ಪ್ರೇಕ್ಷಕರಾಗುತ್ತಾರೆ.

ಇದಕ್ಕೆ ಮಾಸ್ತರರನ್ನು ಬೈದು ಪ್ರಯೋಜನವಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯನ್ನು ತೆಗೆದು ನೋಡಿ. ಚಿತ್ರಕಲೆ, ದೈಹಿಕ ಶಿಕ್ಷಣ, ಕಾರ್ಯಾನುಭವಕ್ಕೆ ಅರೆಕಾಲಿಕ ಬೋಧಕರು ಇರಬೇಕು ಎಂದು ಅದು ಹೇಳುವುದು 6ರಿಂದ 8ನೇ ತರಗತಿಗೆ ಮಾತ್ರ, ಅದೂ 100ಕ್ಕಿಂತ ಹೆಚ್ಚು ಮಕ್ಕಳಿರುವ ಕಡೆ. 1ರಿಂದ 5ನೇ ತರಗತಿಯ ಮಕ್ಕಳಿಗೆ ಈ ಸಾಲು ಇಲ್ಲವೇ ಇಲ್ಲ. ಕೈಗೆ ಮಣ್ಣು ಬೇಕಾದ, ಕಾಲಿಗೆ ಓಟ ಬೇಕಾದ ವಯಸ್ಸಿಗೆ ಕಾಯ್ದೆಯಲ್ಲಿ ಬೋಧಕರಿಲ್ಲ. ಅದೇ ಕಾಯ್ದೆ ಪ್ರತಿ ಶಾಲೆಗೂ ಆಟದ ಮೈದಾನ ಇರಬೇಕು, ಪ್ರತಿ ತರಗತಿಗೂ ಆಟದ ಸಾಮಾನು ಒದಗಿಸಬೇಕು ಎಂದು ಹೇಳುತ್ತದೆ. ಹಾಗಾದರೆ ಚೆಂಡು ಇದೆ, ಆಡಿಸುವವರಿಲ್ಲ. ಎಷ್ಟೋ ಕಡೆ ಚೆಂಡು ಕೂಡ ಕಪಾಟಿನೊಳಗೆ ಬೀಗದ ಹಿಂದೆ. ಹಾಳಾದರೆ ಲೆಕ್ಕ ಕೊಡಬೇಕಲ್ಲ.

ಕ್ರೀಡಾಕೂಟದ ಲೆಕ್ಕವನ್ನು ಇನ್ನೂ ಸರಳವಾಗಿ ಮಾಡಬಹುದು. ಕಬಡ್ಡಿಗೆ ಅಂಕಣದಲ್ಲಿ 7 ಜನ ಬೇಕು, ಖೋಖೋಗೆ 9. ಗಜೇಂದ್ರಗಡದ ಸುತ್ತಲಿನ ತಾಂಡಾದ ಪುಟ್ಟ ಶಾಲೆಯಲ್ಲಿ ಎಲ್ಲ ತರಗತಿ ಕೂಡಿಸಿದರೂ ಇಪ್ಪತ್ತು ಮಕ್ಕಳಿಲ್ಲದಿದ್ದರೆ ಅಲ್ಲಿ ತಂಡ ಎಂಬುದೇ ಆಗುವುದಿಲ್ಲ. ಅಪ್ಪ ಅವ್ವ ಗೋವೆಗೋ ಮಂಗಳೂರಿಗೋ ಗುಳೆ ಹೋದಾಗ ಜೊತೆಗೆ ಹೋದ ಮಗು ಕ್ಲಸ್ಟರ್ ಮಟ್ಟದ ದಿನ ಊರಲ್ಲೇ ಇರುವುದಿಲ್ಲ. ಆಯ್ಕೆಯಾದ ಹುಡುಗಿಗೆ ಜಿಲ್ಲಾ ಕೇಂದ್ರಕ್ಕೆ ಹೋಗಲು ಜೊತೆಗೆ ಬರುವವರು ಯಾರು, ಬೂಟು ಯಾರದ್ದು, ಬಸ್ ಚಾರ್ಜು ಯಾರದ್ದು? ಸಾಮಾನ್ಯವಾಗಿ ಉತ್ತರ ಒಂದೇ: ಒಬ್ಬ ಒಳ್ಳೆಯ ಮಾಸ್ತರರ ಜೇಬು. ಅವರಿಗೆ ನನ್ನ ನಮಸ್ಕಾರ. ಆದರೆ ಒಳ್ಳೆಯ ಮಾಸ್ತರರ ವರ್ಗವಾದ ದಿನ ಆ ಊರಿನ ಕ್ರೀಡೆಯೂ ವರ್ಗವಾಗಿ ಹೋಗುತ್ತದೆ. ಗೆದ್ದ ಮಗುವಿನ ಫೋಟೊ ಈ ಯಾವುದನ್ನೂ ಹೇಳುವುದಿಲ್ಲ. ಒಂದು ಮಗು ಗೆದ್ದಿದೆ, ಆದ್ದರಿಂದ ವ್ಯವಸ್ಥೆ ಸರಿ ಇದೆ ಎಂದು ಹೇಳುತ್ತದೆ.

ಈ ಮಾತಿಗೆ ನಮ್ಮ ಕಡೆ ಒಂದು ಸಿದ್ಧ ಉತ್ತರವಿದೆ: ‘ಪ್ರತಿಭೆ ಇದ್ದರೆ ಎಲ್ಲಿದ್ದರೂ ಹೊರಗೆ ಬರ್ತೈತಿ, ಭೀಮಸೇನ ಜೋಶಿ ಬರಲಿಲ್ಲೇನು?’ 1922ರಲ್ಲಿ ರೋಣದಲ್ಲಿ ಹುಟ್ಟಿದ ಭೀಮಸೇನರು ಭಾರತರತ್ನರಾದದ್ದು ನಿಜ. ಆದರೆ ಆ ಕಥೆಯನ್ನು ಪೂರ್ತಿ ಹೇಳಬೇಕು. ಹನ್ನೊಂದರ ಹುಡುಗ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಓಡಿಹೋದ, ರೈಲಿನಲ್ಲಿ ಊರೂರು ಅಲೆದ, ಕೊನೆಗೆ ಕುಂದಗೋಳದ ಸವಾಯಿ ಗಂಧರ್ವರ ಮನೆಯಲ್ಲಿ ನೀರು ಹೊತ್ತು ಕಲಿತ. ಇದು ಪ್ರತಿಭೆ ತಾನಾಗಿ ಹೊರಬಂದ ಕಥೆಯಲ್ಲ. ಕಲಿಯಲು ಮಗು ಮನೆಯನ್ನೇ ಬಿಡಬೇಕಾಗಿ ಬಂದ ಕಥೆ. ಹಾಗೆ ಓಡಿಹೋದ ಎಲ್ಲ ಹುಡುಗರೂ ಗಾಯಕರಾಗಿ ಮರಳಲಿಲ್ಲ, ಮರಳದವರ ಹೆಸರಿನಲ್ಲಿ ಯಾವ ರಸ್ತೆಯೂ ಇಲ್ಲ. ಗದುಗಿನ ಸುನೀಲ್ ಜೋಶಿ ಕ್ರಿಕೆಟ್ ಅಭ್ಯಾಸಕ್ಕಾಗಿ ಹುಬ್ಬಳ್ಳಿಗೆ ಓಡಾಡಿದ್ದನ್ನೂ ನಾವು ಹೀಗೆಯೇ ಹೆಮ್ಮೆಯಿಂದ ಹೇಳುತ್ತೇವೆ. ಆ ಓಡಾಟ ಆಟಗಾರನ ಹಿರಿಮೆಯೂ ಹೌದು, ನಮ್ಮ ಊರುಗಳ ಕೊರತೆಯೂ ಹೌದು. ಮೊದಲನೆಯದನ್ನು ಹಾಡಿ ಎರಡನೆಯದನ್ನು ಮುಚ್ಚಬಾರದು.

ಇನ್ನೊಂದು ಪ್ರಶ್ನೆಯನ್ನು ನನಗೆ ಗದುಗಿನ ಗೆಳೆಯರೇ ಕೇಳಿದ್ದಾರೆ. ವೀರೇಶ್ವರ ಪುಣ್ಯಾಶ್ರಮ ನಡೆದದ್ದು ಜೋಳಿಗೆಯಿಂದ ಅಲ್ಲವೇ? ಪಂಚಾಕ್ಷರ ಗವಾಯಿಗಳು, ಪುಟ್ಟರಾಜ ಗವಾಯಿಗಳು ಮಕ್ಕಳನ್ನು ಕಟ್ಟಿಕೊಂಡು ಊರೂರು ತಿರುಗಿ ನಾಟಕವಾಡಿಸಿ, ಹಾಡಿಸಿ ಆಶ್ರಮ ಉಳಿಸಲಿಲ್ಲವೇ? ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರ ಕೊಡದೆ ನನ್ನ ವಾದ ನಿಲ್ಲುವುದಿಲ್ಲ. ಪುಣ್ಯಾಶ್ರಮದಲ್ಲಿ ಮೊದಲು ಬಂದದ್ದು ಕಲಿಕೆ. ಕಣ್ಣಿಲ್ಲದ ಮಗುವಿಗೆ, ದಿಕ್ಕಿಲ್ಲದ ಮಗುವಿಗೆ ಪ್ರತಿದಿನ, ವರ್ಷಗಟ್ಟಲೆ ಸ್ವರಪಾಠ ನಡೆಯಿತು. ಕಲಿತದ್ದು ವೇದಿಕೆಗೆ ಬಂತು, ವೇದಿಕೆಯಿಂದ ಬಂದದ್ದು ಅದೇ ಮಕ್ಕಳ ಗಂಗಾಳಕ್ಕೆ ಹೋಯಿತು. ಆ ಸಂಗೀತ ಮುಂದೆ ಅವರ ಬದುಕಿಗೆ ದಾರಿಯಾಯಿತು. ಜೋಳಿಗೆ ಹಿಡಿದದ್ದು ಸ್ವತಃ ಗುರು, ಗುರುವಿನ ತುಲಾಭಾರದ ನಾಣ್ಯ ಮಕ್ಕಳ ಅನ್ನವಾಯಿತು. ನಮ್ಮ ಶಾಲೆಗಳಲ್ಲಿ ನಡೆಯುವುದು ಇದರ ತಿರುವುಮುರುವು. ಕಲಿಸುವವರಿಲ್ಲದೆ ಪ್ರದರ್ಶನ ಮೊದಲು ಬರುತ್ತದೆ, ಜೋಳಿಗೆ ಮಗುವಿನ ಹೆಗಲಿಗೆ ಬೀಳುತ್ತದೆ, ಶಾಲು ದೊಡ್ಡವರ ಹೆಗಲಿಗೆ ಬೀಳುತ್ತದೆ. ಪುಣ್ಯಾಶ್ರಮದ ಹೆಸರು ಹೇಳಿ ಇದನ್ನು ಸಮರ್ಥಿಸುವವರು ಆ ಗುರುಗಳಿಗೇ ಅಪಚಾರ ಮಾಡುತ್ತಾರೆ.

ಹಾಗಾದರೆ ಏನು ಮಾಡಬೇಕು? ನಾನು ಕೇಳುವುದು ದೊಡ್ಡದೇನಲ್ಲ. ಪ್ರಾಥಮಿಕ ಶಾಲೆಯ ಮಗುವಿನ ಕೈಗೆ ದೇಣಿಗೆ ಡಬ್ಬಿ, ರಸೀದಿ ಪುಸ್ತಕ ಕೊಡುವುದು ನಿಲ್ಲಲಿ. ನಿಧಿ ಕೂಡಿಸುವುದಿದ್ದರೆ ಎಸ್‌ಡಿಎಂಸಿಯ ಸದಸ್ಯರು, ಊರಿನ ಹಿರಿಯರು ಕೂಡಿಸಲಿ, ಯಾರು ಎಷ್ಟು ಕೊಟ್ಟರೆಂದು ತರಗತಿಯಲ್ಲಿ ಓದುವುದು ಬೇಡ. ಮಕ್ಕಳು ತಾವಾಗಿ ಕೊಡಲು ಬಯಸಿದರೆ ಹಣದ ಬದಲು ಕೈಕೆಲಸ ಕೊಡಲಿ: ನೆರೆ ಬಂದ ಊರಿನ ಮಕ್ಕಳಿಗೆ ಒಂದು ಕಾಗದ, ಒಂದು ಚಿತ್ರ, ರಟ್ಟು ಹಾಕಿದ ಹಳೆಯ ಪುಸ್ತಕ. ಇಸಿದುಕೊಳ್ಳುವ ಮಗುವಿನ ಫೋಟೊ ಯಾರೂ ತೆಗೆಯದಿರಲಿ, ತೆಗೆದರೆ ಪತ್ರಿಕೆ ಹಾಕದಿರಲಿ.

ಕಾರಂಜಿಗೆ ಹೋಗುವ ಮಗುವಿಗೆ ತಾಲೀಮು ಮಾಡಿಸುವ ಮುನ್ನ ಇಡೀ ತರಗತಿಗೆ ವಾರಕ್ಕೆ ಎರಡು ಅವಧಿ ಮಣ್ಣು, ಬಣ್ಣ, ಹಾಡು ಸಿಗಲಿ. ಇದಕ್ಕೆ ಪದವಿ ಪಡೆದ ಬೋಧಕರು ಬರುವವರೆಗೆ ಕಾಯಬೇಕಿಲ್ಲ. ಗಜೇಂದ್ರಗಡದಲ್ಲಿ ನೇಕಾರರಿದ್ದಾರೆ, ಪ್ರತಿ ಊರಲ್ಲೂ ಭಜನೆಯವರಿದ್ದಾರೆ, ಡೊಳ್ಳಿನವರಿದ್ದಾರೆ, ಕುಂಬಾರರಿದ್ದಾರೆ. ಅವರನ್ನು ಗೌರವಧನ ಕೊಟ್ಟು ಶಾಲೆಗೆ ಕರೆಯುವ ಒಂದು ಸಾಲು ಇಲಾಖೆಯ ಬಜೆಟ್ಟಿನಲ್ಲಿ ಇರಲಿ. ಉದ್ಯೋಗ ಖಾತ್ರಿಯ ಹಣದಲ್ಲಿ ಶಾಲೆಯ ಮೈದಾನ, ಕಾಂಪೌಂಡ್ ಮಾಡಿಸಿಕೊಂಡ ಪಂಚಾಯಿತಿಗಳು ರಾಜ್ಯದಲ್ಲಿವೆ, ಮನಸ್ಸಿದ್ದರೆ ಆಗುತ್ತದೆ ಎನ್ನುವುದಕ್ಕೆ ಅಷ್ಟು ಸಾಕು. ಸಣ್ಣ ಶಾಲೆಗಳನ್ನು ಕೂಡಿಸಿ ಒಂದು ತಂಡ ಮಾಡಲು ಬಿಡಲಿ. ಆಯ್ಕೆಯಾದ ಮಗುವಿನ ಬಸ್ ಚಾರ್ಜು, ಊಟ, ಬೂಟು ಮಾಸ್ತರರ ಜೇಬಿನಿಂದಲ್ಲ, ಸರ್ಕಾರದ ಖಾತೆಯಿಂದ ಹೋಗಲಿ. ವರ್ಷದ ಕೊನೆಗೆ ಶಾಲೆಯ ವರದಿಯಲ್ಲಿ ಎಷ್ಟು ಬಹುಮಾನ ಬಂತು ಎನ್ನುವುದರ ಮೇಲೆ ಇನ್ನೊಂದು ಸಾಲು ಬರೆಯಲಿ: ಎಷ್ಟು ಮಕ್ಕಳು ಆಡಿದರು, ಎಷ್ಟು ಮಕ್ಕಳು ಬರೆದರು, ಎಷ್ಟು ಮಕ್ಕಳು ಹಾಡಿದರು.

ಸಾಹಿತ್ಯದ ಓದುಗರಾದ ನಮಗೂ ಇದರಲ್ಲಿ ಪಾಲಿದೆ. ಪದವಿ ಮುಗಿಸಿ, ಸಂಶೋಧನೆಗೆಂದು ಧಾರವಾಡ, ಬೆಂಗಳೂರು ಸೇರಿದ ನಾವು ಊರಿನ ಶಾಲೆಯ ಫೋಟೊಕ್ಕೆ ಮೊಬೈಲಿನಲ್ಲಿ ಮೆಚ್ಚುಗೆ ಒತ್ತಿ ಮುಂದೆ ಹೋಗುತ್ತೇವೆ. ಹೋಗುವ ಮುನ್ನ ಆ ಶಾಲೆಯ ಎಸ್‌ಡಿಎಂಸಿ ಅಧ್ಯಕ್ಷರಿಗೆ ಒಂದು ಫೋನು ಮಾಡಿ ಕೇಳೋಣ: ‘ಫೋಟೊದಾಗ ಇಲ್ಲದ ಹುಡುಗ್ರು ಇವತ್ತು ಏನ್ ಆಡಿದ್ರಿ?’ ಉತ್ತರ ಬರುವವರೆಗೆ ಕೇಳುತ್ತಲೇ ಇರೋಣ.